ರೈಫಲ್ಡ್ ಮಸ್ಕೆಟ್: ಮೊದ್ಲು ಬೋರ್ ಅಳೀರಿ, ಆಮೇಲೆ ಅಚ್ಚು ತಗೊಳ್ಳಿ

ಹೋದ ಕೆಲವು ತಿಂಗಳಿಂದ ಅಮೆರಿಕದಲ್ಲಿ ರೈಫಲ್ಡ್ ಮಸ್ಕೆಟ್, ಅಂದ್ರೆ ಬಾಯಿಂದ ಮದ್ದು ಗುಂಡು ತುಂಬೋ ಹಳೇ ಮಾದರಿ ಕೋವಿ, ತಗೊಳ್ತಿರೋ ನಮ್ಮ ಕನ್ನಡದ ಹುಡುಗರು ನಂಗೆ ಕಳಿಸ್ತಿರೋ ಮೆಸೇಜೆಲ್ಲ ಹೆಚ್ಚುಕಮ್ಮಿ ಒಂದೇ ಥರ. "ಸರ್, ಎನ್‌ಫೀಲ್ಡ್ ತಗೊಂಡೆ, 50 ಯಾರ್ಡ್‌ನಲ್ಲಿ ಊಟದ ತಟ್ಟೆಗೂ ಗುಂಡು ಬೀಳ್ತಿಲ್ಲ, ಬ್ಯಾರಲ್ ಹೋಗಿದ್ಯಾ?" ಬ್ಯಾರಲ್ ಏನೂ ಹೋಗಿರಲ್ಲ ಮಾರಾಯ್ರೆ. ಕೋವಿ ಜೊತೆಗೇ ಗುಂಡಿನ ಅಚ್ಚನ್ನೂ ಆರ್ಡರ್ ಮಾಡಿರ್ತೀರ, ಬೋರ್ (ನಳಿಗೆ ಒಳಗಿನ ಅಡ್ಡಗಲ) ಅಳತೆ ಎಷ್ಟು ಅಂತ ಯಾರೂ ನೋಡಿರಲ್ಲ. ನಾನೂ ಅದೇ ಮಾಡಿದ್ದೆ. ಮೊದಲನೇ ದಿನ 40 ಗುಂಡು ಹೊಡೆದೆ, ಕಾಗದದ ಮೇಲೆ ಬಿದ್ದಿದ್ದು ಒಂಬತ್ತು, ಅದ್ರಲ್ಲೂ ಐದು ತೂತು ದುಂಡಗಿರ್ಲಿಲ್ಲ, ಬೀಗದ ಕೈ ತೂತಿನ ಥರ ಉದ್ದಕ್ಕಿತ್ತು, ಅಂದ್ರೆ ಗುಂಡು ತಿರುಗೋದು ಬಿಟ್ಟು ಮಗುಚಿಕೊಂಡು ಹೋಗಿದೆ.

ಇನ್ನೊಂದು ವಿಷ್ಯ. ಮಲೆನಾಡಲ್ಲೋ ಕೊಡಗಲ್ಲೋ ಅಜ್ಜನ ಕೇಪಿನ ಕೋವಿ ನೋಡಿ ಬೆಳೆದೋರಿಗೆ "ಇದು ನಂಗೆ ಗೊತ್ತಿರೋದೇ" ಅನ್ನೋ ಧೈರ್ಯ ಇರುತ್ತೆ, ತಪ್ಪು ಜಾಸ್ತಿ ಮಾಡೋದೂ ಅವ್ರೇ. ಅದು ನುಣುಪು ನಳಿಗೆ, ಮದ್ದು ಹಾಕಿ ಚಿಂದಿ ತುರುಕಿ ಚರೆ ಸುರಿದು ಜಡಿಯೋದು. ಇದ್ರ ನಳಿಗೆ ಒಳಗೆ ಸುರುಳಿ ಗಾಡಿ (ಕೊರೆದ ತೋಡು, ರೈಫ್ಲಿಂಗ್) ಇದೆ, ಗುಂಡಿನ ತಳ ಟೊಳ್ಳು, ಮದ್ದು ಹತ್ತಿದಾಗ ಆ ತಳದ ಅಂಚು ಅರಳಿ ಗಾಡಿ ಹಿಡ್ಕೊಂಡ್ರೆ ಮಾತ್ರ ಗುಂಡು ತಿರುಗುತ್ತೆ. ಅಂಚು ಅರಳದಿದ್ರೆ ಎಂಥ ದುಬಾರಿ ಇಟಾಲಿಯನ್ ಕೋವಿ ಆದ್ರೂ ಅಷ್ಟೇ. ಮುಂದೆ ಬರೆದಿರೋದನ್ನ ಬರೆದಿರೋ ಕ್ರಮದಲ್ಲೇ ಮಾಡಿ, ನಡುವಿಂದು ಹಾರಿಸಬೇಡಿ.

(ಮಾತಿಗೆ ಮುಂಚೆ: ನಾನು ಗಜ ಅಂದ್ರೆ ಊರಲ್ಲಿ ಹೇಳೋ ಹಾಗೆ ಕೋವಿ ಗಜ, ರ‍್ಯಾಮ್‌ರಾಡ್. ದೂರಕ್ಕೆ ಯಾರ್ಡ್ ಅಂತಾನೇ ಬರೀತೀನಿ.)

ಹಂತ 1: ಕಾನೂನು, ದುಡ್ಡು ಕೊಡೋಕೆ ಮುಂಚೆ

ಅಮೆರಿಕದ ಫೆಡರಲ್ ಕಾನೂನಲ್ಲಿ ಕೇಪು ಹಾಕಿ ಬಾಯಿಂದ ತುಂಬೋ ಈ ರಿಪ್ರೊಡಕ್ಷನ್ ಮಸ್ಕೆಟ್ಟು 'ಆಂಟೀಕ್ ಫೈರ್‌ಆರ್ಮ್' ಲೆಕ್ಕಕ್ಕೆ ಬರುತ್ತೆ, ಹಾಗಾಗಿ ಬಹಳಷ್ಟು ರಾಜ್ಯಗಳಲ್ಲಿ ನೇರ ಮನೆಗೇ ಪಾರ್ಸಲ್ ಬರುತ್ತೆ. ಆದ್ರೆ ಎಲ್ಲ ರಾಜ್ಯದಲ್ಲೂ ಹಂಗಿಲ್ಲ, ನ್ಯೂಜೆರ್ಸಿ, ಇಲಿನಾಯ್ ಥರದ ಕಡೆ ಬೇರೆ ನಿಯಮ ಇದೆ, ನಿಮ್ಮ ರಾಜ್ಯದ್ದು ನೀವೇ ಓದ್ಕೊಳ್ಳಿ. ಎಚ್-1ಬಿ ಥರದ ವೀಸಾದಲ್ಲಿ ಇರೋರು ಕೋವಿ ಒಂದೇ ಅಲ್ಲ, ಮದ್ದು ಕೊಳ್ಳೋ ವಿಚಾರಾನೂ ಸೇರಿಸಿ ಒಬ್ಬ ವಕೀಲರ ಹತ್ರ ಕೇಳ್ಬಿಡಿ, ಫ್ರೆಂಡ್ ಹೇಳ್ದ ಅಂತ ಹೋಗಬೇಡಿ.

ಊರಿಗೆ ತಗೊಂಡು ಹೋಗೋ ಯೋಚನೆ ಇದ್ರೆ ಇಲ್ಲೇ ಬಿಟ್ಬಿಡಿ. ಇಂಡಿಯಾದಲ್ಲಿ 1959ರ ಆರ್ಮ್ಸ್ ಆಕ್ಟ್ ಪ್ರಕಾರ ಬಾಯಿಂದ ತುಂಬೋ ಕೋವಿಗೂ ಲೈಸೆನ್ಸ್ ಬೇಕು, ಕೊಡವರಿಗೂ ಕೊಡಗಿನ ಜಮ್ಮಾ ಜಮೀನು ಹಿಡುವಳಿದಾರರಿಗೂ ಇರೋ ವಿನಾಯ್ತಿ ನಮ್ಗೆ ನಿಮ್ಗೆ ಬರಲ್ಲ. ಮದ್ದು, ಕೇಪು ಎರಡನ್ನೂ ವಿಮಾನದಲ್ಲಿ ಯಾವ ಬ್ಯಾಗಲ್ಲೂ ಹಾಕೋ ಹಾಗಿಲ್ಲ.

ಹಂತ 2: ಯಾವ್ದು ತಗೋಬೇಕು

ಮೂರು ಮಾದರಿ ಸಾಕು ಯೋಚ್ನೆ ಮಾಡೋಕೆ. 1853ರ ಮೂರು ಪಟ್ಟಿ (ನಳಿಗೆಯನ್ನ ಮರಕ್ಕೆ ಬಿಗಿಯೋ ಲೋಹದ ಪಟ್ಟಿ) ಎನ್‌ಫೀಲ್ಡ್, ನಳಿಗೆ 39 ಇಂಚು, ಒಟ್ಟು ಉದ್ದ 55 ಇಂಚು. 1861ರ ಸ್ಪ್ರಿಂಗ್‌ಫೀಲ್ಡ್, ನಳಿಗೆ 40 ಇಂಚು. 1858ರ ಎರಡು ಪಟ್ಟಿ ಎನ್‌ಫೀಲ್ಡ್, ನಳಿಗೆ 33 ಇಂಚು. ಮೊದಲೆರಡು ನೋಡೋಕೆ ರಾಜ ಗಾಂಭೀರ್ಯ, ಫೋಟೋಗೆ ಚೆನ್ನಾಗಿ ಬರುತ್ತೆ, ಆದ್ರೆ ನಮ್ಮಂಥ ಐದಡಿ ಐದಿಂಚಿನೋರು ಬುಡ ನೆಲಕ್ಕಿಟ್ಟು ಮದ್ದು ಸುರಿಯೋಕೆ ಹೋದ್ರೆ ಬಾಯಿ ಕುತ್ತಿಗೆ ಎತ್ತರಕ್ಕೆ ಬಂದಿರುತ್ತೆ, ಗಜ ಎಳೆಯೋಕೆ ಕೈ ಸಾಲಲ್ಲ. ಮೊದಲನೇ ಕೋವಿಗೆ ನಾನು ಎರಡು ಪಟ್ಟಿದೇ ಹೇಳ್ತೀನಿ. ಅದ್ರ ಗಾಡಿ 48 ಇಂಚಿಗೆ ಒಂದು ಸುತ್ತು, ಮೂರು ಪಟ್ಟಿದು 78 ಇಂಚಿಗೆ ಒಂದು, ಬೇಗ ಸುತ್ತೋದ್ರಿಂದ ಕಮ್ಮಿ ಮದ್ದಲ್ಲೂ ಗುರಿ ಸಿಗುತ್ತೆ.

ಹೊಸದು ಇಟಲಿಯ ಪೆಡರ್‌ಸೋಲಿ, ಆರ್ಮಿ ಸ್ಪೋರ್ಟ್ ಮಾಡಿದ್ದು ಸಿಗುತ್ತೆ, ಹಳೇದ್ರಲ್ಲಿ ಯೂರೋಆರ್ಮ್ಸ್, ಪಾರ್ಕರ್-ಹೇಲ್. ಇಂಗ್ಲೆಂಡಲ್ಲಿ ಮಾಡಿದ ಹಳೇ ಪಾರ್ಕರ್-ಹೇಲ್ ಕಂಡ್ರೆ ಜೇಬು ಮುಟ್ಟಿ ನೋಡ್ಕೊಳ್ಳಿ, ಅದ್ರ ನಳಿಗೆ ಬಗ್ಗೆ ನಂಗೆ ದೂರೇ ಇಲ್ಲ.

ಆನ್‌ಲೈನಲ್ಲಿ ಅರ್ಧ ರೇಟಿಗೆ ಕಾಣೋ 'ಮೇಡ್ ಇನ್ ಇಂಡಿಯಾ' ಮಸ್ಕೆಟ್ ಇದ್ಯಲ್ಲ, ದೇಶಾಭಿಮಾನದಿಂದ ತಗೊಳ್ಳೋಕೆ ಹೋಗಬೇಡಿ. ಬಹಳಷ್ಟು ನುಣುಪು ನಳಿಗೇವು, ಎಷ್ಟೋ ಗೋಡೆ ಮೇಲೆ ತೂಗುಹಾಕೋಕೆ ಅಂತಾನೇ ಕಿಡಿ ತೂತು ಕೊರೆಯದೆ ಕಳಿಸೋವು. ಅದನ್ನ ಮನೇಲಿ ಡ್ರಿಲ್ ಹಾಕಿ ಕೊರೆದು ಹೊಡೀತೀನಿ ಅನ್ನೋ ಸಾಹಸ ಬೇಡ್ವೇ ಬೇಡ. ಇಟಲಿ ಕೋವಿ ನಳಿಗೆ ಮೇಲೆ ಸರ್ಕಾರಿ ಪ್ರೂಫ್ ಗುರುತು, 'ಪಿ ಎನ್' ಅನ್ನೋ ಅಕ್ಷರ ಒತ್ತಿರ್ತಾರೆ, ಅಂದ್ರೆ ಕರಿಮದ್ದಿಗೆ ಮಾತ್ರ ಅಂತ. ಯಾವ ದೇಶದ್ದೇ ಆಗ್ಲಿ, ಪ್ರೂಫ್ ಗುರುತೇ ಇಲ್ದೇ ಇರೋದನ್ನ ಹೊಡೆಯೋಕೆ ತಗೋಬೇಡಿ.

ಹಂತ 3: ಸೆಕೆಂಡ್ ಹ್ಯಾಂಡ್ ಕೈಗೆ ಬಂದಾಗ

ಮೊದಲನೇ ಕೆಲಸ, ಯಾರು ಎಷ್ಟು ಆಣೆ ಪ್ರಮಾಣ ಮಾಡಿದ್ರೂ ಸರಿ, ಕೋವಿ ತುಂಬಿದ್ಯಾ ನೋಡೋದು. ಗಜ ನಳಿಗೆಗೆ ಬಿಡಿ, ಬಾಯಿ ಹತ್ರ ಬೆರಳಿಟ್ಟು ಹಿಡ್ಕೊಂಡು ಹೊರಗೆ ತೆಗೆದು ಅಷ್ಟೇ ಉದ್ದವನ್ನ ನಳಿಗೆ ಹೊರಗಿಂದ ಇಟ್ಟು ನೋಡಿ. ತುದಿ ನಿಪ್ಪಲ್ (ಕೇಪು ಕೂರಿಸೋ ಸಣ್ಣ ಕೊಳವೆ) ಹತ್ರಕ್ಕೆ ಬಂದ್ರೆ ಖಾಲಿ, ಒಂದೂವರೆ ಎರಡು ಇಂಚು ಮುಂದೇ ನಿಂತ್ರೆ ಒಳಗೆ ಈಡು ಕೂತಿದೆ. ಒಬ್ಬ ಮಾರೋನು ನಂಗೆ "ಇಪ್ಪತ್ತು ವರ್ಷದಿಂದ ಬೆಂಕಿಗೂಡಿನ ಮೇಲಿತ್ತು" ಅಂತ ಕೊಟ್ಟ ಕೋವೀಲಿ ಮದ್ದೂ ಇತ್ತು, ಗುಂಡೂ ಇತ್ತು. ಬೆಂಕಿಗೂಡಿನ ಮೇಲೆ!

ಆಮೇಲೆ ಹ್ಯಾಮರ್. ಹಾಫ್ ಕಾಕ್‌ಗೆ (ಅರ್ಧಕ್ಕೆ) ಎಳೆದು ಟ್ರಿಗರ್ ಗಟ್ಟಿಯಾಗಿ ಒತ್ತಿ, ಬೀಳಬಾರದು. ಫುಲ್ ಕಾಕ್‌ಗೆ (ಪೂರ್ತಿ) ಎಳೆದು ಹೆಬ್ಬೆರಳಲ್ಲಿ ಹಿಂದಿನಿಂದ ದೂಡಿ, ಆಗ್ಲೂ ಬೀಳಬಾರದು. ಎರಡ್ರಲ್ಲಿ ಒಂದು ಬಿದ್ರೂ ಲಾಕ್ ಸವೆದಿದೆ, ರಿಪೇರಿ ಆಗೋವರೆಗೆ ಅದು ಗೋಡೆ ಅಲಂಕಾರ ಅಷ್ಟೇ.

ನಳಿಗೆಗೆ ಸಣ್ಣ ಲೈಟ್ ಬಿಟ್ಟು ನೋಡಿ. ಬಿಗಿಯಾದ ಬಟ್ಟೆ ತುಂಡನ್ನ ಗಜದಲ್ಲಿ ಕಟ್ಟಿ ನಿಧಾನ ಎಳೀತಾ ಬನ್ನಿ, ಒಂದೇ ಸಮ ಬಿಗಿ ಇರ್ಬೇಕು. ನಡುವೆ ಎಲ್ಲಾದ್ರೂ ಸಡಿಲಾಗಿ ಮತ್ತೆ ಬಿಗಿಯಾದ್ರೆ ಅಲ್ಲಿ ನಳಿಗೆ ಉಬ್ಬಿದೆ, ಯಾರೋ ಗುಂಡನ್ನ ಪೂರ್ತಿ ಇಳಿಸ್ದೆ ಈಡು ಹೊಡೆದಿದಾರೆ. ಅಂಥದ್ದು ಬೇಡ ಅಂದ್ಬಿಟ್ಟು ಬನ್ನಿ. ಬಾಯಿ ಹತ್ರ ಸ್ವಲ್ಪ ತುಕ್ಕು ಚುಕ್ಕೆ ಇದ್ರೆ ಪರ್ವಾಗಿಲ್ಲ, ಬುಡದಲ್ಲಿ ಗುಳಿ ಬಿದ್ದಿದ್ರೆ ಬೇಡ.

ಹಂತ 4: ಬೋರ್ ಅಳೆಯೋದು (ಇದನ್ನ ಎರಡ್ಸಲ ಓದಿ)

ಕೋವಿ ಮೇಲೆ .58 (ಇಂಚು) ಅಂತ ಬರೆದಿರ್ತಾರೆ. ಅದು ಹೆಸ್ರು ಅಷ್ಟೇ, ಅಳತೆ ಅಲ್ಲ. .577 ಇಂದ .582ರ ತನಕ ಏನು ಬೇಕಾದ್ರೂ ಇರಬಹುದು. ಒಂದೇ ಕಂಪನಿ, ಒಂದೇ ಮಾದರಿ, ಎರಡು ಕೋವಿಗೆ ಎರಡು ಅಳತೆ.

ಸುಮಾರು ಜನ ಡಿಜಿಟಲ್ ಕ್ಯಾಲಿಪರ್ ತಗೊಂಡು ಬಾಯಿಗೆ ಇಟ್ಟು ಅಳೀತಾರೆ, ಇಲ್ಲಾಂದ್ರೆ ಮೆತ್ತನೆ ಸೀಸ ಒಳಗೆ ದೂಡಿ ತೆಗೆದು ಅದನ್ನ ಅಳೀತಾರೆ. ಎರಡೂ ಕೈ ಕೊಡುತ್ತೆ. ಮೂರು ಪಟ್ಟಿ ಎನ್‌ಫೀಲ್ಡ್‌ಗೂ ಸ್ಪ್ರಿಂಗ್‌ಫೀಲ್ಡ್‌ಗೂ ಗಾಡಿ ಮೂರು, ಎರಡು ಪಟ್ಟಿದಕ್ಕೆ ಐದು, ಎಲ್ಲಾ ಬೆಸ ಸಂಖ್ಯೆ. ಅಂದ್ರೆ ಒಂದು ಗಾಡಿಯ ಎದುರಿಗೆ ಇನ್ನೊಂದು ಗಾಡಿ ಇರಲ್ಲ, ದಿಂಡು (ಎರಡು ಗಾಡಿ ನಡುವಿನ ಎತ್ತರದ ಭಾಗ) ಇರುತ್ತೆ, ಕ್ಯಾಲಿಪರ್ ಒಂದ್ಕಡೆ ಹಳ್ಳ ಒಂದ್ಕಡೆ ದಿಣ್ಣೆ ಮುಟ್ಟಿಕೊಂಡು ಏನೋ ಒಂದು ಸುಳ್ಳು ಅಂಕಿ ತೋರಿಸುತ್ತೆ. ನಮ್ಗೆ ಬೇಕಾಗಿರೋದು ದಿಂಡಿನ ಮೇಲಿಂದ ದಿಂಡಿನ ಮೇಲಿನ ಅಳತೆ, ಯಾಕಂದ್ರೆ ಗುಂಡು ಜಾರಿಕೊಂಡು ಇಳಿಯೋದು ಅದ್ರ ಮೇಲೇನೇ.

ಪಿನ್ ಗೇಜ್ ತಗೊಳ್ಳಿ. ಉಕ್ಕಿನ ಸಣ್ಣ ಸಣ್ಣ ಕಡ್ಡಿ, ಒಂದಕ್ಕಿಂತ ಒಂದು ಇಂಚಿನ ಸಾವಿರದಲ್ಲಿ ಒಂದು ಭಾಗ ದಪ್ಪ. .575 ಇಂದ .584 ತನಕ ಬಿಡಿಯಾಗಿ ಹತ್ತು ಕಡ್ಡಿ ತಗೊಂಡ್ರೆ ಸಾಕು, ಪೂರ್ತಿ ಸೆಟ್ ಬೇಡ. ನಳಿಗೆ ಬಾಯಿ ಚೆನ್ನಾಗಿ ಒರೆಸಿ ಚಿಕ್ಕದ್ರಿಂದ ಶುರು ಮಾಡಿ. ನನ್ನ ಕೋವೀಲಿ .579 ಸರಕ್ಕಂತ ಒಳಗೆ ಹೋಯ್ತು, .580 ಮೆಲ್ಲಗೆ ತಿರುಗಿಸಿದ್ರೆ ಹೋಯ್ತು, .581 ಬಾಯಲ್ಲೇ ನಿಂತ್ಕೊಂಡ್ತು. ಅಂದ್ರೆ ಬೋರ್ .580. ಗುಂಡು ಅದಕ್ಕಿಂತ ಒಂದರಿಂದ ಎರಡು ಸಾವಿರಾಂಶ ಕಮ್ಮಿ, .579 ಇಲ್ಲಾ .578. ನನ್ನ ಮೊದಲನೇ ಅಚ್ಚು .575 ಇತ್ತು. ಐದು ಸಾವಿರಾಂಶದ ಸಂದಿ, ಆ ಒಂಬತ್ತು ತೂತಿನ ಕಥೆ ಇಷ್ಟೇ.

ಈಗ ಅಚ್ಚು ಆರ್ಡರ್ ಮಾಡಿ, ಬೇಕಾದ್ದಕ್ಕಿಂತ ಸ್ವಲ್ಪ ದಪ್ಪ ಬರೋ ಅಚ್ಚು, ಜೊತೆಗೆ ಸರಿಯಾದ ಅಳತೆಯ ಸೈಜಿಂಗ್ ಡೈ. ದಪ್ಪ ಗುಂಡನ್ನ ಡೈಯಲ್ಲಿ ದೂಡಿ ಸಣ್ಣ ಮಾಡಬಹುದು, ಸಣ್ಣ ಗುಂಡನ್ನ ದಪ್ಪ ಮಾಡೋಕಾಗಲ್ಲ.

ಹಂತ 5: ಗುಂಡು ಎರಕ

ಸೀಸ ಶುದ್ಧವಾಗಿ ಮೆತ್ತಗಿರ್ಬೇಕು. ಉಗುರಲ್ಲಿ ಗೀರಿದ್ರೆ ಗೀರು ಬೀಳ್ಬೇಕು. ಕಾರಿನ ವೀಲ್ ವೇಟ್ ಕರಗಿಸಿ ಹಾಕೋ ಜಿಪುಣತನ ಬೇಡ, ಅದು ಗಟ್ಟಿ ಮಿಶ್ರಣ, ತಳ ಅರಳಲ್ಲ.

ಗ್ಯಾರೇಜ್ ಬಾಗಿಲು ತೆಗೆದಿಟ್ಟು, ಉದ್ದ ತೋಳಿನ ಹತ್ತಿ ಅಂಗಿ, ಶೂ, ಕನ್ನಡಕ ಹಾಕ್ಕೊಂಡು ಮಾಡಿ. ಕರಗಿದ ಸೀಸಕ್ಕೆ ಒಂದು ಹನಿ ನೀರು, ಬೆವರೇ ಆಗ್ಲಿ, ಬಿದ್ರೆ ಪಾತ್ರೆಯೆಲ್ಲ ಸಿಡಿದು ಮೈಮೇಲೆ ಬರುತ್ತೆ. ಅಡುಗೆ ಪಾತ್ರೆ ಬೇಡ, ಮಕ್ಕಳು ಹತ್ರ ಬೇಡ, ಮುಗಿದ್ಮೇಲೆ ಕೈ ತೊಳೆದೇ ಊಟ.

ಶುರುವಿನ ಹತ್ತು ಹದಿನೈದು ಗುಂಡು ಸುಕ್ಕುಸುಕ್ಕಾಗಿ ಬರುತ್ತೆ, ಅಚ್ಚು ಇನ್ನೂ ಕಾದಿರಲ್ಲ, ಅದ್ರಲ್ಲೂ ತಳದ ಟೊಳ್ಳು ಮಾಡೋ ಗೂಟ ಕಾಯೋದು ನಿಧಾನ. ಮತ್ತೆ ಪಾತ್ರೆಗೆ ಹಾಕಿ. ಆಮೇಲೆ ಒಂದೊಂದನ್ನೂ ತಿರುಗಿಸಿ ತಳ ನೋಡಿ, ಅಂಚಲ್ಲಿ ಒಂದು ಕಚ್ಚು, ಒಂದು ಗುಳ್ಳೆ ಇದ್ರೂ ಪಾತ್ರೆಗೆ. ಮೂತಿ ಸ್ವಲ್ಪ ಸೊಟ್ಟ ಇದ್ರೆ ಅಷ್ಟೇನೂ ತೊಂದ್ರೆ ಇಲ್ಲ, ತಳ ಸೊಟ್ಟ ಇದ್ರೆ ಗುಂಡು ಎಲ್ಲಿಗೋ. ಹಾಗೇ ಒಂದೊಂದನ್ನೂ ತೂಗಿ, ಸುಮಾರು 500 ಗ್ರೇನ್ (ಹದಿನೈದು ಗ್ರೇನ್ ಅಂದ್ರೆ ಹೆಚ್ಚುಕಮ್ಮಿ ಒಂದು ಗ್ರಾಂ) ಬರೋ ಗುಂಡಲ್ಲಿ ಒಂದೆರಡು ಗ್ರೇನ್ ಹೆಚ್ಚುಕಮ್ಮಿ ಓಕೆ, ಐದು ಗ್ರೇನ್ ಕಮ್ಮಿ ಬಂದ್ರೆ ಒಳಗೆ ಗಾಳಿ ಗುಳ್ಳೆ ಇದೆ.

ಜಿಡ್ಡು: ಜೇನುಮೇಣ ಕರಗಿಸಿ ಅದಕ್ಕೆ ಹಂದಿ ಕೊಬ್ಬೋ ಕುರಿ ಕೊಬ್ಬೋ ಸೇರಿಸ್ತಾರೆ ಇಲ್ಲಿ. ಸಸ್ಯಾಹಾರಿಗಳು ಮೇಣಕ್ಕೆ ಆಲಿವ್ ಎಣ್ಣೆ ಸೇರಿಸಿ, ನಾನು ಅದನ್ನೇ ಮಾಡೋದು (1857ರಲ್ಲಿ ಸಿಪಾಯಿಗಳು ಏಳೋಕೆ ಒಂದು ಕಾರಣ ಇದೇ ಎನ್‌ಫೀಲ್ಡ್ ಕಾಡತೂಸಿನ ಜಿಡ್ಡು, ಈ ಮೇಣದ ಡಬ್ಬಿ ತೆಗೆದಾಗೆಲ್ಲ ನೆನಪಾಗುತ್ತೆ). ಬೇಸಿಗೆಗೆ ಮೇಣ ಜಾಸ್ತಿ, ಚಳಿಗೆ ಎಣ್ಣೆ ಜಾಸ್ತಿ. ಪೆಟ್ರೋಲಿಯಂ ಗ್ರೀಸ್ ಬೇಡ, ಮದ್ದಿನ ಮಸಿ ಜೊತೆ ಸೇರಿ ಡಾಂಬರು ಥರ ಅಂಟ್ಕೊಳುತ್ತೆ.

ಪರೀಕ್ಷೆ: ಜಿಡ್ಡು ಹಚ್ಚಿದ ಗುಂಡನ್ನ ಒರೆಸಿದ ನಳಿಗೆ ಬಾಯಿಗಿಟ್ಟು ಬೆರಳಲ್ಲಿ ಒತ್ತಿ. ಗಜದ ಭಾರಕ್ಕೆ ಮೆಲ್ಲಗೆ ಜಾರ್ಬೇಕು. ತಾನಾಗೇ ಟಕ್ಕಂತ ತಳಕ್ಕೆ ಬಿದ್ರೆ ಸಣ್ಣ, ಬಡಿದು ಇಳಿಸ್ಬೇಕಾದ್ರೆ ದಪ್ಪ. ಈ ಪರೀಕ್ಷೆ ಮದ್ದು ಹಾಕ್ದೆ ಮಾಡಿ, ಗುಂಡು ಪೂರ್ತಿ ಒಳಗೆ ಹೋಗೋಕೆ ಬಿಡಬೇಡಿ, ಹೋದ್ರೆ ಹಂತ 8 ಓದ್ಬೇಕಾಗುತ್ತೆ.

ಹಂತ 6: ಜೊತೆಗೆ ಏನೇನು ಬೇಕು

ಕರಿಮದ್ದು, 2ಎಫ್ ದರ್ಜೆ (ಕಾಳಿನ ಗಾತ್ರದ ಹೆಸ್ರು). ಹೊಸ ಬಂದೂಕಿಗೆ ಹಾಕೋ ಸ್ಮೋಕ್‌ಲೆಸ್ ಪೌಡರ್ ಒಂದು ಚಿಟಿಕೆನೂ ಹಾಕಬೇಡಿ, ನಳಿಗೆ ಒಡೆದು ಕೈ ಹೋಗುತ್ತೆ, ಉತ್ಪ್ರೇಕ್ಷೆ ಅಲ್ಲ. ನಾಲ್ಕು ರೆಕ್ಕೆಯ ಮಸ್ಕೆಟ್ ಕೇಪು. ಇನ್ನೊಂದೆರಡು ನಿಪ್ಪಲ್, ಅದ್ರ ವ್ರೆಂಚ್ (ಥ್ರೆಡ್ ಕೋವಿಯಿಂದ ಕೋವಿಗೆ ಬೇರೆ, ಬೆರಳಲ್ಲಿ ಎರಡು ಸುತ್ತು ಸರಾಗ ಹೋಗದಿದ್ರೆ ಬಲವಂತ ಬೇಡ). ಮದ್ದಿನ ಅಳತೆ ಕೊಳವೆ, ಮುಚ್ಚಳ ಇರೋ ಪ್ಲಾಸ್ಟಿಕ್ ಟ್ಯೂಬ್ ಐವತ್ತು. ಬಾಲ್ ಪುಲ್ಲರ್ ಸ್ಕ್ರೂ (ಒಳಗೆ ಸಿಕ್ಕಿದ ಗುಂಡು ಎಳೆಯೋಕೆ), ಬಟ್ಟೆ ತುಂಡು, ಗಟ್ಟಿ ರೇಂಜ್ ರಾಡ್ (ರೇಂಜಲ್ಲಿ ಬಳಸೋ ಬೇರೆ ಗಜ). ಕಣ್ಣಿಗೆ ಕನ್ನಡಕ, ಕಿವಿಗೆ ಮಫ್. ಕೇಪಿನ ಚೂರು ಪಕ್ಕದೋರ ಕಡೆಗೂ ಹಾರುತ್ತೆ, ಕನ್ನಡಕ ಪಕ್ಕದೋರಿಗೂ ಹಾಕಿಸಿ.

ಟ್ಯೂಬ್ ಯಾಕೆ ಅಂದ್ರೆ, ಡಬ್ಬಿಯಿಂದ ನೇರ ನಳಿಗೆಗೆ ಮದ್ದು ಸುರಿಯೋದು ನಿಷಿದ್ಧ. ಒಳಗೆ ಒಂದು ಕೆಂಡ ಉಳಿದಿದ್ರೆ ಟ್ಯೂಬಲ್ಲಾದ್ರೆ ಒಂದು ಈಡಿನ ಮದ್ದು ಭುಗ್ ಅನ್ನುತ್ತೆ, ಡಬ್ಬಿಯಾದ್ರೆ ಕೈಯಲ್ಲಿ ಬಾಂಬ್.

ಹಂತ 7: ತುಂಬೋ ಕ್ರಮ

ಮೊದಲನೇ ಸಲ ಒಬ್ರೇ ಹೋಗಬೇಡಿ. ವರ್ಜೀನಿಯಾದ ವಿಂಚೆಸ್ಟರ್ ಹತ್ರ ಎನ್-ಎಸ್‌ಎಸ್‌ಎ (ನಾರ್ತ್-ಸೌತ್ ಸ್ಕರ್ಮಿಶ್ ಅಸೋಸಿಯೇಷನ್) ಅವ್ರ ಫೋರ್ಟ್ ಶೆನಾಂಡೋವಾ ರೇಂಜ್ ಇದೆ, 1950ರಿಂದ ಇರೋ ಸಂಘ, ಇಂಡಿಯಾನಾದ ಫ್ರೆಂಡ್‌ಶಿಪ್‌ನಲ್ಲಿ ಎನ್‌ಎಂಎಲ್‌ಆರ್‌ಎ (ನ್ಯಾಷನಲ್ ಮಜಲ್ ಲೋಡಿಂಗ್ ರೈಫಲ್ ಅಸೋಸಿಯೇಷನ್) ಅವ್ರದ್ದಿದೆ. ಅಲ್ಲಿನ ಅಜ್ಜಂದಿರು ಕೇಳಿದ್ರೆ ಪ್ರೀತಿಯಿಂದ ತೋರಿಸ್ತಾರೆ, ಕೇಳ್ದೇ ಇದ್ರೂ ತೋರಿಸ್ತಾರೆ.

1. ನಳಿಗೆ ಒಳಗಿನ ಎಣ್ಣೆ ಒಣ ಬಟ್ಟೇಲಿ ಒರೆಸಿ. ಕೋವಿ ಖಾಲಿ ಇರುವಾಗಲೇ ಗಜ ಇಳಿಸಿ ಬಾಯಿ ಹತ್ರ ಗಜಕ್ಕೆ ಒಂದು ಗುರುತು ಹಾಕ್ಕೊಳ್ಳಿ.

2. ಬಾಯಿಯನ್ನ ಮುಂದಿರೋ ಹುಲ್ಲಿಗೆ ಹತ್ರ ಹಿಡಿದು ಬರೀ ಕೇಪು ಹೊಡೀರಿ. ಹುಲ್ಲು ಅಲ್ಲಾಡಿದ್ರೆ ದಾರಿ ಸಾಫ್. ಅಲ್ಲಾಡ್ಲಿಲ್ಲ ಅಂದ್ರೆ ಇನ್ನೊಂದೆರಡು ಕೇಪು, ಆಗ್ಲೂ ಇಲ್ಲಾಂದ್ರೆ ನಿಪ್ಪಲ್ ಬಿಚ್ಚಿ ಕ್ಲೀನ್ ಮಾಡಿ. ಮೊದಲನೇ ಈಡು ಹತ್ತದೇ ಇರೋದಕ್ಕೆ ಹೆಚ್ಚಿನ ಸಲ ಒಳಗುಳಿದ ಎಣ್ಣೇನೇ ಕಾರಣ.

3. ಹ್ಯಾಮರ್ ಹಾಫ್ ಕಾಕ್. ಬುಡ ನೆಲಕ್ಕೆ, ಬಾಯಿ ಮುಖದಿಂದ ದೂರ. ಒಂದು ಟ್ಯೂಬ್ ಮದ್ದು ಸುರೀರಿ. ಕಲಿಯೋ ಹೊತ್ತಿಗೆ 45 ಗ್ರೇನ್, ಅಂದ್ರೆ ಮೂರು ಗ್ರಾಂಗಿಂತ ಚೂರು ಕಮ್ಮಿ (ನಿಮ್ಮ ಕೋವಿಗೆ ಸರಿಯಾದ ಅಳತೆ ಹುಡುಕೋದು ಹಂತ 9ರಲ್ಲಿ).

4. ಗುಂಡು, ಟೊಳ್ಳು ಕೆಳಗೆ. ಹುಡುಗಾಟಕ್ಕೆ ಹೇಳ್ತಿಲ್ಲ, ತಲೆಕೆಳಗು ಹಾಕಿದೋರನ್ನ ನೋಡಿದೀನಿ.

5. ಗಜವನ್ನ ಬೆರಳುಗಳಲ್ಲಿ ಪಕ್ಕದಿಂದ ಹಿಡಿದು ದೂಡಿ, ಅಂಗೈಯನ್ನ ತುದಿ ಮೇಲೆ ಇಡಬೇಡಿ. ಗುಂಡು ಮದ್ದಿನ ಮೇಲೆ ಕೂತ ಕೂಡ್ಲೇ ನಿಲ್ಸಿ. ಊರಲ್ಲಿ ಗಜ ಎಗರೋವರೆಗೆ ಜಡೀತಿದ್ವಲ್ಲ, ಇಲ್ಲಿ ಹಾಗೆ ಜಡಿದ್ರೆ ಗುಂಡಿನ ಮೂತಿ ಚಪ್ಪಟೆ, ಅಂಚು ಸೊಟ್ಟ. ಈಗ ಗಜಕ್ಕೆ ಎರಡನೇ ಗುರುತು ಹಾಕಿ. ಮುಂದೆ ಪ್ರತೀ ಸಲ ಇದೇ ಗುರುತು ಬಾಯಿಗೆ ಬರ್ಬೇಕು. ಮೇಲೇ ನಿಂತ್ರೆ ಗುಂಡು ನಡುದಾರೀಲಿದೆ, ಹಾಗೇ ಹೊಡೆದ್ರೆ ನಳಿಗೆ ಉಬ್ಬುತ್ತೆ.

6. ಗಜ ಹೊರಗೆ ತೆಗೀರಿ. ಗಜ ಸಮೇತ ಹೊಡೆದೋರು ಇದಾರೆ.

7. ಕೋವಿ ಗುರಿ ಕಡೆಗೆ ತಿರುಗಿದ್ಮೇಲೆ, ಅದಕ್ಕೂ ಮುಂಚೆ ಅಲ್ಲ, ಕೇಪು. ಫುಲ್ ಕಾಕ್, ಈಡು.

ಹೊಡೆದ್ಮೇಲೆ ಬಾಯಿಗೆ ಬಾಯಿಟ್ಟು ಊದಬೇಡಿ, ಒಂದರ್ಧ ನಿಮಿಷ ಬಿಟ್ಟು ಮತ್ತೆ ತುಂಬಿ. ಐದಾರು ಈಡಾದ್ಮೇಲೆ ಗುಂಡು ಇಳಿಯೋದು ಬಿಗಿಯಾಗ್ತಾ ಬಂದ್ರೆ ಒದ್ದೆ ಬಟ್ಟೇಲಿ ಒಮ್ಮೆ, ಒಣ ಬಟ್ಟೇಲಿ ಒಮ್ಮೆ ಎಳೀರಿ. ಜಿಡ್ಡು ಸರಿ ಇದ್ರೆ ಇಪ್ಪತ್ತು ಈಡಿಗೂ ಬೇಕಾಗಲ್ಲ.

ಹಂತ 8: ಹತ್ತಲಿಲ್ಲ ಅಂದ್ರೆ

ಕೇಪು ಟಪ್ ಅಂತು, ಈಡು ಇಲ್ಲ. ಅಲ್ಲಾಡಬೇಡಿ. ಬಾಯಿ ಗುರಿ ಕಡೆಗೇ ಇಟ್ಟು ಕನಿಷ್ಠ ಒಂದು ನಿಮಿಷ ಕಾಯಿರಿ, ನಾನು ಎರಡು ನಿಮಿಷ ಕಾಯ್ತೀನಿ. ಕೆಲವು ಸಲ ಒಳಗೆ ಮೆಲ್ಲಗೆ ಹೊಗೆಯಾಡಿ ತಡವಾಗಿ ಹೊಡೆಯುತ್ತೆ. ಆಮೇಲೆ ಹೊಸ ಕೇಪು. ಆಗ್ಲೂ ಇಲ್ಲಾಂದ್ರೆ ನಿಪ್ಪಲ್ ತೂತಿಗೆ ಸಣ್ಣ ತಂತಿ ಹಾಕಿ ಕೆದಕಿ, ಇನ್ನೊಂದು ಕೇಪು.

ಮದ್ದೇ ಹಾಕ್ದೆ ಗುಂಡು ಇಳಿಸಿರೋದು ಎಲ್ರಿಗೂ ಒಂದಲ್ಲ ಒಂದಿನ ಆಗುತ್ತೆ, ಮಾತಾಡ್ತಾ ತುಂಬಿದ್ರೆ ಗ್ಯಾರಂಟಿ. ನಿಪ್ಪಲ್ ಬಿಚ್ಚಿ, ಆ ತೂತಲ್ಲಿ ನಾಲ್ಕಾರು ಕಾಳು ಮದ್ದು ಬೆರಳಿಂದ ತಳ್ಳಿ, ನಿಪ್ಪಲ್ ಹಾಕಿ, ಗಜದಲ್ಲಿ ಗುಂಡನ್ನ ಮತ್ತೆ ತಳಕ್ಕೆ ಒತ್ತಿ, ಗಜ ತೆಗೆದು ಗುರಿ ಕಡೆ ಹೊಡೀರಿ. ಗುಂಡು ಪುಸ್ ಅಂತ ಹತ್ತಡಿ ಮುಂದೆ ಬೀಳುತ್ತೆ, ಎಲ್ರೂ ಚಪ್ಪಾಳೆ ತಟ್ತಾರೆ. ಒಳಗೆ ಮದ್ದು ಇದ್ಯೋ ಇಲ್ವೋ ಅನುಮಾನ ಇರೋವಾಗ ಬಾಲ್ ಪುಲ್ಲರ್ ಹಾಕಿ ಎಳೆಯೋಕೆ ಹೋಗಬೇಡಿ, ರೇಂಜಿನೋರನ್ನ ಕರೀರಿ.

ಹಂತ 9: ಮದ್ದಿನ ಅಳತೆ, ಆಮೇಲೆ ಸೈಟ್

ಬೆಂಚ್ ಮೇಲೆ ಕೋವಿ ಒರಗಿಸಿ, 50 ಯಾರ್ಡ್, 40 ಗ್ರೇನಿಂದ ಐದೈದು ಈಡು. ಆಮೇಲೆ 43, 46, 49, ಹೀಗೆ. ಒಂದ್ಸಲಕ್ಕೆ ಒಂದೇ ಬದಲಾವಣೆ, ಜಿಡ್ಡು, ಗುಂಡು, ಕೇಪು ಎಲ್ಲಾ ಅದೇ ಇರ್ಲಿ. ಕಾಗದದ ಮೇಲೆ ತೂತುಗಳ ಗುಂಪು ಕೂಡ್ತಾ ಕೂಡ್ತಾ ಬಂದು ಒಂದ್ಕಡೆಯಿಂದ ಮತ್ತೆ ಚೆಲ್ಲೋಕೆ ಶುರುವಾಗುತ್ತೆ, ಆ ಕೂಡಿದ ಅಳತೆ ನಿಮ್ಮದು. ಸೈನ್ಯದಲ್ಲಿ ಸ್ಪ್ರಿಂಗ್‌ಫೀಲ್ಡ್‌ಗೆ 60, ಎನ್‌ಫೀಲ್ಡ್‌ಗೆ 68 ಗ್ರೇನ್ ಹಾಕ್ತಿದ್ರು, ಅದಕ್ಕಿಂತ ಮೇಲೆ ಹೋಗೋ ಅವಶ್ಯಕತೆ ಇಲ್ಲ. ಮದ್ದು ಜಾಸ್ತಿಯಾದ್ರೆ ತೆಳ್ಳಗಿನ ಅಂಚು ಹರಿದು ಗುಂಡು ದಿಕ್ಕು ತಪ್ಪುತ್ತೆ. ಸಾಧ್ಯವಾದ್ರೆ ಗುರಿ ಹಿಂದಿನ ಮಣ್ಣಿನ ದಿಬ್ಬದಿಂದ ಒಂದೆರಡು ಗುಂಡು ಹೆಕ್ಕಿ ನೋಡಿ: ಅಂಚಿನ ಸುತ್ತ ಗಾಡಿ ಗುರುತು ಸ್ಪಷ್ಟ ಇದ್ರೆ ಸರಿ, ನುಣ್ಣಗಿದ್ರೆ ಅರಳಿಲ್ಲ, ಅಂಚು ಗಂಟೆ ಥರ ಹಿಗ್ಗಿ ಹರಿದಿದ್ರೆ ಮದ್ದು ಜಾಸ್ತಿ.

ಗುಂಪು ಕೂಡಿದ್ಮೇಲೇನೇ ಸೈಟ್ (ಗುರಿ ಹಿಡಿಯೋಕೆ ನಳಿಗೆ ಮೇಲಿರೋ ಗುರುತು) ಮುಟ್ಟಿ. ಈ ಕೋವಿಗಳ ಹಿಂದಿನ ಸೈಟ್ ತೀರಾ ಕೆಳಗಿಟ್ರೂ 100 ಯಾರ್ಡಿಂದು, 50ರಲ್ಲಿ ಗುಂಡು ಮೇಲೇ ಬೀಳೋದು ಸಹಜ. ಮುಂದಿನ ಸೈಟ್ ಎತ್ತರಿಸಿದ್ರೆ ಗುಂಡು ಕೆಳಗೆ ಬರುತ್ತೆ. ಲೆಕ್ಕ: ಎಷ್ಟು ಇಂಚು ಮೇಲೆ ಬೀಳ್ತಿದೆ ಅನ್ನೋದನ್ನ ಎರಡು ಸೈಟ್ ನಡುವಿನ ದೂರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ, ಎಲ್ಲಾ ಇಂಚಲ್ಲಿ. 9 ಇಂಚು ಮೇಲೆ, ಸೈಟ್ ನಡುವೆ 32 ಇಂಚು, 50 ಯಾರ್ಡ್ ಅಂದ್ರೆ 1800 ಇಂಚು, ಉತ್ತರ 0.16 ಇಂಚು. ಬೇಕಾದ್ದಕ್ಕಿಂತ ಎತ್ತರದ್ದೇ ಹಾಕಿಸಿ, ರೇಂಜಲ್ಲಿ ಹೊಡೆದು ನೋಡ್ತಾ ಅರದಲ್ಲಿ ಉಜ್ಜಿ ಇಳಿಸಿ.

ಹಂತ 10: ಅವತ್ತೇ ತೊಳೀರಿ

ನಾಳೆ ತೊಳೀತೀನಿ ಅನ್ನೋ ಮಾತಿಲ್ಲ, ಮಸಿ ಗಾಳಿಯ ತೇವ ಎಳ್ಕೊಂಡು ರಾತ್ರೋರಾತ್ರಿ ತುಕ್ಕು ಹಿಡಿಸುತ್ತೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ಸೋಪು ಎರಡು ಹನಿ. ಕುದಿಯೋ ನೀರು ಬೇಡ, ಒಣಗ್ತಾ ಒಣಗ್ತಾನೇ ತೆಳ್ಳಗೆ ಕೆಂಪು ತುಕ್ಕು ಏಳುತ್ತೆ. ನಿಪ್ಪಲ್ ಬಿಚ್ಚಿ ಆ ತೂತಿಗೆ ಸಣ್ಣ ರಬ್ಬರ್ ಪೈಪ್ ಸಿಕ್ಕಿಸಿ, ಇನ್ನೊಂದು ತುದಿ ಬಕೆಟ್‌ಗೆ, ಬಿಗಿ ಬಟ್ಟೆ ಕಟ್ಟಿದ ರಾಡ್ ಮೇಲೆ ಕೆಳಗೆ ಮಾಡಿದ್ರೆ ಪಂಪಿನ ಥರ ನೀರು ಎಳ್ಕೊಂಡು ಬಿಡುತ್ತೆ. ಮೊದಲನೇ ಬಕೆಟ್ ಕಾಡಿಗೆ ಥರ ಬರುತ್ತೆ, ವಾಸನೆ ಕೊಳೆತ ಮೊಟ್ಟೇದು, ಮನೆಯೋರು ಬೈತಾರೆ, ಹೊರಗೆ ಮಾಡಿ. ಎರಡನೇ ಬಕೆಟ್ ತಿಳಿಯಾಗೋವರೆಗೆ ಬಿಡಬೇಡಿ. ಒಣ ಬಟ್ಟೆ ಬೆಳ್ಳಗೆ ಬರೋವರೆಗೆ ಎಳೆದು, ಎಣ್ಣೆ ಹಚ್ಚಿ, ಬಾಯಿ ಕೆಳಗೆ ಮಾಡಿ ಒರಗಿಸಿಡಿ, ಇಲ್ಲಾಂದ್ರೆ ಎಣ್ಣೆ ಎಲ್ಲಾ ಬುಡಕ್ಕಿಳಿದು ಮುಂದಿನ ಸಲ ಕೇಪು ಟಪ್ ಅನ್ನುತ್ತೆ.

ಮಾರನೇ ದಿನ ಬೆಳಿಗ್ಗೆ ಕಾಫಿಗೆ ಮುಂಚೆ ಇನ್ನೊಂದು ಬಿಳಿ ಬಟ್ಟೆ ಎಳೀರಿ. ಕಂದು ಬಣ್ಣ ಬಂದ್ರೆ ಮತ್ತೆ ಬಕೆಟ್ ಇಡಿ.